ಹಿತ್ತಲ ಶೆಡ್ಡು: ಕಟ್ಟಿಸ್ಲೋ, ರೆಡಿಮೇಡ್ ತರ್ಲೋ?

ಪ್ರಶ್ನೆ: ನಮಸ್ಕಾರ ಸರ್. ನಮ್ದು ಸಿಂಧನೂರು ತಾಲೂಕು, ಮನಿ ಹಿಂದ 30 ಫೂಟ್ 20 ಫೂಟ್ ಜಾಗ ಖಾಲಿ ಬಿದ್ದದ, ಪೂರಾ ಎರಿ ಮಣ್ಣು. ಯೂರಿಯಾ ಚೀಲ, ಸ್ಪ್ರೇ ಪಂಪು, ಪೈಪು, ತಾಡಪತ್ರಿ, ಸಲಿಕಿ ಗುದ್ಲಿ ಎಲ್ಲಾ ಪಡಸಾಲ್ಯಾಗೇ ಬಿದ್ದಾವ, ಅವ್ವ ದಿನಾ ಬೈತಾಳ. 12 ಫೂಟ್ 10 ಫೂಟಿಂದು ಒಂದು ಶೆಡ್ಡು ಬೇಕು. ನಮ್ಮಣ್ಣ ಇಟ್ಟಂಗಿ ಗ್ವಾಡಿ ಎಬ್ಬಿಸೋಣ ಅಂತಾನ, ನನಗ ರೆಡಿಮೇಡ್ ಕ್ಯಾಬಿನ್ ತರೋ ಮನಸ್ಸದ, ಒಂದೇ ದಿನದಾಗ ಇಳಿಸಿ ಹೋಗ್ತೀವಿ ಅಂದಾರ. ಜಾಗ ಇನ್ನೂ ಅಣ್ತಮ್ಮರ ನಡುವ ಪಾಲಾಗಿಲ್ಲ. ಯಾವುದು ಚಲೋ ಹೇಳ್ರಿ.

ಉತ್ತರ: ತಮ್ಮಾ, ಕ್ಯಾಬಿನ್ನಿಗೆ ಅಡ್ವಾನ್ಸ್ ಕೊಡೂಕಿಂತ ಮೊದಲು ನಿಮ್ಮ ಓಣಿ ಒಮ್ಮೆ ನಡಕೊಂಡು ನೋಡ್ರಿ. ಅದು ಇಡೀದಕ್ಕ ಇಡೀ ಲಾರಿ ಮ್ಯಾಲೆ ಬರ್ತದ, ಇಳಿಸಾಕ ಕ್ರೇನ್ ಬೇಕು, ನಿಮ್ಮ ಜಾಗ ಮನಿ ಹಿಂದ ಇರೋದ್ರಿಂದ ಮಾಳಿಗಿ ದಾಟಿ, ಕರೆಂಟಿನ ವೈರ್ ತಪ್ಪಿಸಿ ಇಳೀಬೇಕು. ಕ್ರೇನ್ ಬಾಡಿಗಿ ಅವ್ರು ಹೇಳಿದ ರೇಟಿನಾಗ ಸೇರ್ಯದೋ ಇಲ್ಲೋ ಕೇಳಿದ್ರೇನು? ಇನ್ನ ಅವು ಮಂದಿ ಕುಂದ್ರೋ ಆಫೀಸಿಗಂತ ಮಾಡಿದ್ವು, ಒಳಗ ಪ್ಲೈವುಡ್ಡು, ಫ್ಯಾನು, ವೈರಿಂಗು. ಯೂರಿಯಾ ಚೀಲಕ್ಕ ಫ್ಯಾನ್ ಯಾಕ ಬೇಕ್ರಿ.

ನಿಮ್ಮಣ್ಣನ ಗ್ವಾಡಿನೂ ನನಗ ಸರಿ ಕಾಣವಲ್ದು. ಎರಿ ಮಣ್ಣು ಬ್ಯಾಸಗ್ಯಾಗ ಕೈ ಹೋಗೂವಷ್ಟು ಬಿರುಕು ಬಿಡ್ತದ, ಮಳಿ ಬಿದ್ರ ಉಬ್ಬಿ ಮ್ಯಾಲೇಳ್ತದ, ಅದರ ಮ್ಯಾಲೆ ಒಂದು ಫೂಟ್ ಪಾಯ ತೆಗೆದು ಗ್ವಾಡಿ ಏರಿಸಿದ್ರ ಬಾಗಿಲ ಮೂಲ್ಯಾಗ ಸೀಳು ಬಿಡೋದು ಗ್ಯಾರಂಟಿ. ಗಟ್ಟಿ ಪಾಯ ಹಾಕ್ತೀವಂದ್ರ ಶೆಡ್ಡಿನ ರೊಕ್ಕ ಪಾಯಕ್ಕೇ ಹೋಗ್ತದ. ಮ್ಯಾಲೆ ಪಾಲಾಗದ ಜಾಗ ಬ್ಯಾರೆ, ನಾಳೆ ಗೆರಿ ಗ್ವಾಡಿ ನಡುವೇ ಬಂತಂದ್ರ ಏನ್ಮಾಡ್ತೀರಿ?

ಊರಾಗಿನ ವೆಲ್ಡಿಂಗ್ ಅಂಗಡ್ಯಾಗ 2 ಇಂಚಿನ ಚೌಕ ಪೈಪಿನ ಫ್ರೇಮ್ ಮಾಡಿಸ್ರಿ, ಆದ್ರ ಪೂರಾ ವೆಲ್ಡಿಂಗ್ ಬ್ಯಾಡ, ಮೂಲಿಗಳು ನಟ್ಟು ಬೋಲ್ಟಿನ ಮ್ಯಾಲೆ ನಿಂದ್ರಲಿ, ಸುತ್ತ ಮತ್ತ ಮ್ಯಾಲೆ ಕಲರ್ ಶೀಟು. ಪಾಲಾದ್ರ ಬಿಚ್ಚಿ ಆ ಕಡೆ ಎಬ್ಬಿಸಬಹುದು. ಶೀಟ್ ತಗೊಳ್ಳೂವಾಗ 0.5 ಎಂಎಂ ದಪ್ಪ ಅಂತ ಬಾಯಿಲೆ ಹೇಳಿದ್ದು ನಂಬಬ್ಯಾಡ್ರಿ, ತಕ್ಕಡಿ ಮ್ಯಾಲೆ ಇಡಸ್ರಿ. 10 ಫೂಟ್ ಉದ್ದ, ಮೂರುವರಿ ಫೂಟ್ ಅಗಲದ ಶೀಟು ಹತ್ರತ್ರ 14 ಕೆಜಿ ತೂಗಬೇಕು, 10 ಕೆಜಿ ತೋರಿಸ್ತು ಅಂದ್ರ ಅದು 0.35ರ ಮಾಲು.

ನಮ್ಮ ಕಡೆ ಖರೇ ವೈರಿ ಗಾಳಿ. ನಾನೂ ಒಮ್ಮೆ ಅಗ್ಗಾತಂತ ತಗಡಿನ ಶೆಡ್ ಹಾಕ್ಸಿದ್ದೆ, ವೆಲ್ಡಿಂಗಿನಂವ ಪೈಪಿನ ಕಾಲು ಒಂದೊಂದು ಫೂಟ್ ಹೂಳಿ ಸಿಮೆಂಟ್ ಬಳಿದು ಹೋದ, ಶೀಟಿಗೆ ಎಣಿಸಿ ಎಣಿಸಿ ಸ್ಕ್ರೂ ಹೊಡೆದಿದ್ದ. ಮೇ ತಿಂಗಳ ಒಂದು ಸಂಜಿ ಮಳಿಗಿಂತ ಮುಂಚೆ ಗಾಳಿ ಎದ್ದು, ಎರಡು ಶೀಟು ಬಾಜೂ ಮನಿ ದನದ ಕೊಟ್ಟಿಗಿ ಮ್ಯಾಲೆ ಹೋಗಿ ಕುಂತ್ವು. ಪುಣ್ಯಕ್ಕ ಎಮ್ಮಿ ಹೊರಗಿತ್ತು. ಅದಕ್ಕ ಕಾಲಿಗೆ 3 ಫೂಟ್ ಕುಣಿ ತೆಗಿಸಿ ಕಾಂಕ್ರೀಟ್ ಹಾಕ್ಸ್ರಿ, ಕಾಲಿನ ಬುಡದ ಬೇಸ್ ಪ್ಲೇಟಿಗೆ ನಾಕು ಬೋಲ್ಟು, ಅಂಚಿನ ಸಾಲಿಗೆ ಸ್ಕ್ರೂ ಜಾಸ್ತಿ. ಅಲ್ಲಿ ಜಿಪುಣತನ ಮಾಡಬ್ಯಾಡ್ರಿ.

ನೆಲಕ್ಕ 2 ಫೂಟ್ ಎರಿ ಮಣ್ಣು ತೆಗೆದು ಗರಸು ತುಂಬ್ರಿ, ಅರ್ಧ ಅರ್ಧ ಫೂಟಿಗೆ ನೀರು ಹೊಡೆದು ದಿಮ್ಮಸು ಹಾಕ್ಸ್ರಿ, ಸುತ್ತಲ ನೆಲಕ್ಕಿಂತ ಒಂದೂವರಿ ಫೂಟ್ ಎತ್ತರ ಬರಲಿ. ಮ್ಯಾಲೆ ಶಾಬಾದಿ ಪರ್ಸಿ ಹಾಸಿದ್ರಾತು, ನೆಲ ಕುಂತ್ರ ಒಂದೊಂದೇ ಎತ್ತಿ ಸರಿ ಮಾಡಬಹುದು.

ಇನ್ನೊಂದು. ತಗಡಿನ ಶೆಡ್ಡು ಮೇ ತಿಂಗಳಾಗ ಒಲಿ ಇದ್ದಂಗ, ಹೊರಗೇ 42 ಡಿಗ್ರಿ ದಾಟಿರ್ತದ. ಬಿತ್ತೋ ಬೀಜ ಒಳಗ ಇಡಬ್ಯಾಡ್ರಿ, ಮೊಳಕಿ ಹೋಗ್ತದ, ಅವು ಮನ್ಯಾಗೇ ಇರ್ಲಿ, ಅವ್ವಗ ಆ ಎರಡು ಚೀಲ ಸೈರಿಸ್ಕೋ ಅಂತ ಹೇಳ್ರಿ. ಯೂರಿಯಾಕ್ಕ ಬಿಸಿಲಿಗಿಂತ ಹಸಿಯದೇ ಅಂಜಿಕಿ, ಹಲಗಿ ಮ್ಯಾಲಿಟ್ಟು ತಾಡಪತ್ರಿ ಮುಚ್ಚ್ರಿ. ಬೆಳಿಗೆ ಹೊಡಿಯೋ ಹುಳದ ಎಣ್ಣಿ ಡಬ್ಬಿಗೆ ಮಾತ್ರ ಕೀಲಿ ಇರೋ ಪೆಟ್ಟಿಗಿ ಬ್ಯಾರೇನೇ ಬೇಕು. ಬಾಗಿಲು 4 ಫೂಟಿಂದು ಇಡಸ್ರಿ, ಹೊರಗ ತೆಗಿಯೂ ಹಂಗ, ಇಲ್ಲಾಂದ್ರ ಒಳಗ ಚೀಲ ಜರಿದು ಅಡ್ಡ ಬಿದ್ರ ನೀವು ಹೊರಗೇ.