ಶಿವಗಣಾರಾಧನೆಯ ದಿನ ಸಹಿ ಹಾಕಬೇಡಿ

ದಾವಣಗೆರೆಯಲ್ಲಿ ಸಿವಿಲ್ ದಾವೆಗಳನ್ನೇ ನಡೆಸಿಕೊಂಡು ಬಂದಿರುವ ನನಗೆ ಈ ಅಂಕಣಕ್ಕಾಗಿ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಬೇರೆ ಬೇರೆ ವೇಷಗಳು: ‘ನಾನು ಕೊಡಬೇಕೋ, ಬೇಡವೋ?’ ಹಿಂದೆ ಎರಡು ಸಲ ಉತ್ತರಿಸಿದ್ದೇನೆ, ಆದರೂ ಪತ್ರಗಳು ನಿಂತಿಲ್ಲ. ನೋಟಿಸ್ ಎಂದರೇನು, ಡಿಕ್ರಿ ಎಂದರೇನು ಎಂಬುದನ್ನು ಮತ್ತೆ ವಿವರಿಸುವ ತಾಳ್ಮೆ ನನಗಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಪ್ರಶ್ನೆ: ತಂದೆ ಹೋದ ತಿಂಗಳು ತೀರಿಕೊಂಡರು. ಶಿವಗಣಾರಾಧನೆಯ ದಿನ ಊಟ ಮುಗಿಯುವ ಹೊತ್ತಿಗೆ ದಲ್ಲಾಳಿ ಅಂಗಡಿಯವರು ಬಂದು, 2019ರ ಜೂನ್‌ನಲ್ಲಿ ತಂದೆ ಬೋರ್‌ವೆಲ್‌ಗೆಂದು ಪಡೆದ 1,80,000 ರೂಪಾಯಿ ಬಡ್ಡಿ ಸೇರಿ 4,10,000 ಆಗಿದೆ ಎಂದು ಕಿರ್ದಿ ಪುಸ್ತಕ ತೋರಿಸಿದರು. ತಂದೆಯ ಸಹಿ ಇರುವ ಕಾಗದ ಯಾವುದೂ ಇಲ್ಲ. ನನ್ನ ಹೆಸರಿನಲ್ಲಿ ಹೊಸ ಪ್ರಾಮಿಸರಿ ನೋಟು (ಹಣ ಕೊಡುತ್ತೇನೆಂಬ ಸಹಿಪತ್ರ) ಬರೆದುಕೊಡು ಎನ್ನುತ್ತಿದ್ದಾರೆ. ‘ಅಪ್ಪನ ಋಣ ಮಗ ಹೊರದೆ ಇನ್ಯಾರು ಹೊರುತ್ತಾರೆ’ ಎಂದು ದೊಡ್ಡಪ್ಪನೂ ಒತ್ತಾಯಿಸುತ್ತಾರೆ. 2005ರ ಕಾನೂನು ಬಂದ ಮೇಲೆ ಅಪ್ಪನ ಸಾಲ ಮಗನಿಗೆ ಬರುವುದೇ ಇಲ್ಲ ಎನ್ನುತ್ತಾನೆ ಗೆಳೆಯ. ತಂದೆಯಿಂದ ಬಂದ ಎರಡು ಎಕರೆ ಜಮೀನು ಇದೆ, ನಾನೇ ದುಡಿದು ಕೊಂಡ ಒಂದು ಸೈಟಿದೆ. ಯಾರ ಮಾತು ಸರಿ? — ಜಗಳೂರು ತಾಲ್ಲೂಕಿನ ಓದುಗರು

ಉತ್ತರ: ಇಬ್ಬರದೂ ಅರ್ಧ ಸರಿ. ಪೂರ್ತಿ ತಪ್ಪಾಗಿದ್ದರೆ ನಿಮಗೆ ಇಷ್ಟು ಅಪಾಯವಿರುತ್ತಿರಲಿಲ್ಲ.

ನಿಮ್ಮ ದೊಡ್ಡಪ್ಪ ಹೇಳುತ್ತಿರುವುದು ಒಂದು ಕಾಲದ ಕಾನೂನೇ. ತಂದೆಯ ಸಾಲವನ್ನು ಮಗ ಬಡ್ಡಿಸಮೇತ ತೀರಿಸಬೇಕು, ಮೊಮ್ಮಗ ಅಸಲನ್ನು ಮಾತ್ರ ಕೊಟ್ಟರೆ ಸಾಕು, ಮರಿಮಗನಿಗೆ ಆ ಹೊರೆಯೇ ಇಲ್ಲ ಎಂದು ಬೃಹಸ್ಪತಿ ಸ್ಮೃತಿ ಹೇಳಿತ್ತು. ಜೂಜಿಗೆ, ಕುಡಿತಕ್ಕೆ ಮಾಡಿದ ಸಾಲವಾದರೆ ಮಗನಿಗೂ ಅಂಟುತ್ತಿರಲಿಲ್ಲ. ತಂದೆಯ ಸದ್ಗತಿಗಾಗಿ ಹೇಳಿದ್ದ ಈ ಧಾರ್ಮಿಕ ಕರ್ತವ್ಯವನ್ನು ಬ್ರಿಟಿಷರ ಕಾಲದ ನ್ಯಾಯಾಲಯಗಳು ಕೈಗೆತ್ತಿಕೊಂಡು, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗಿರುವ ಪಾಲನ್ನೂ ಹರಾಜಿಗೆ ಹಾಕಬಹುದಾದ ಬಾಧ್ಯತೆಯನ್ನಾಗಿ ಮಾಡಿದವು. ಪರಲೋಕದ ಲೆಕ್ಕವೊಂದು ಹೀಗೆ ಜಪ್ತಿಗೆ ಬರುವ ಕೋರ್ಟ್ ಅಮೀನರ ಕೈಗೆ ಬಂದು, ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿಯಿತು.

ಅದನ್ನು ಕೈಬಿಟ್ಟದ್ದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ. ಆ ವರ್ಷದ ಸೆಪ್ಟೆಂಬರ್ 9ರ ನಂತರ ತಂದೆ ಮಾಡಿದ ಸಾಲಕ್ಕೆ, ಕೇವಲ ಈ ಧಾರ್ಮಿಕ ಕರ್ತವ್ಯದ ಆಧಾರದ ಮೇಲೆ ಮಗನ ಮೇಲಾಗಲಿ ಮೊಮ್ಮಗನ ಮೇಲಾಗಲಿ ಯಾವ ನ್ಯಾಯಾಲಯವೂ ವಸೂಲಿಗೆ ಅವಕಾಶ ಕೊಡುವಂತಿಲ್ಲ. ಗೆಳೆಯ ಓದಿರುವುದು ಇಷ್ಟು. ಮೊಬೈಲಿನಲ್ಲಿ ಬಂದ ಎರಡು ನಿಮಿಷದ ವಿಡಿಯೊ ನೋಡಿ ಕಾನೂನು ಹೇಳುವವರು ‘ಕೇವಲ’ ಎಂಬ ಮಾತನ್ನು ಯಾವಾಗಲೂ ನುಂಗಿಬಿಡುತ್ತಾರೆ.

ಆ ಆಧಾರ ಹೋದರೂ ಬೇರೆ ಆಧಾರಗಳು ಉಳಿದಿವೆ. ತೀರಿಕೊಂಡವರ ಸಾಲ ಅವರು ಬಿಟ್ಟುಹೋದ ಆಸ್ತಿಯ ಬೆನ್ನಿಗೇ ಬರುತ್ತದೆ. ವಾರಸುದಾರರು ತಮ್ಮ ಕೈಗೆ ಬಂದ ಆಸ್ತಿಯ ಮಟ್ಟಿಗೆ ಉತ್ತರ ಹೇಳಬೇಕು, ಅದಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಿಲ್ಲ. ಜೊತೆಗೆ, ತಂದೆ ಮನೆಯ ಯಜಮಾನರಾಗಿ ಕುಟುಂಬದ ಅಗತ್ಯಕ್ಕೆಂದು ಸಾಲ ಮಾಡಿದ್ದರೆ ಕುಟುಂಬದ ಒಟ್ಟು ಆಸ್ತಿಯೂ ಅದಕ್ಕೆ ಒಳಪಡುತ್ತದೆ, ಮತ್ತು ಜಮೀನಿಗೆ ಕೊರೆಸಿದ ಬೋರ್‌ವೆಲ್ ಅಂಥ ಅಗತ್ಯವಲ್ಲವೆಂದು ವಾದಿಸುವುದು ಕಷ್ಟ. ಆದ್ದರಿಂದ ಎರಡು ಎಕರೆಯ ವಿಷಯದಲ್ಲಿ ‘ನನಗೂ ಸಾಲಕ್ಕೂ ಸಂಬಂಧವಿಲ್ಲ’ ಎನ್ನಬೇಡಿ. ನಿಮ್ಮ ದುಡಿಮೆಯ ಸೈಟಿಗೆ ಮಾತ್ರ ಇಂದಿನವರೆಗೆ ಯಾರೂ ಕೈ ಹಾಕುವಂತಿಲ್ಲ. ಅವರು ಕೇಳುತ್ತಿರುವ ಹೊಸ ನೋಟಿನ ಕೆಲಸವೇ ಆ ಸೈಟಿನ ಬಾಗಿಲು ತೆರೆಯುವುದು. ಪ್ರಾಮಿಸರಿ ನೋಟಿಗೆ ಸಹಿ ಬಿದ್ದ ಕೂಡಲೇ ಪ್ರತಿಫಲ, ಅಂದರೆ ಅದಕ್ಕೆ ಬದಲಾಗಿ ಹಣವನ್ನೋ ಇನ್ನೇನನ್ನೋ, ಪಡೆದೇ ಬರೆದದ್ದು ಎಂದು ನ್ಯಾಯಾಲಯ ಮೊದಲಿಗೆ ಭಾವಿಸುತ್ತದೆ. ಹಾಗಲ್ಲವೆಂದು ತೋರಿಸುವ ಹೊರೆ ನಿಮ್ಮ ತಲೆಗೆ ಬರುತ್ತದೆ. ತಂದೆಯಿಂದ ಒಂದು ಗುಂಟೆಯೂ ಬಾರದಿದ್ದ ಕಕ್ಷಿದಾರರೊಬ್ಬರು ಇಂಥದೇ ಕಾರ್ಯದ ದಿನ, ಕೋರ್ಟಿನ ಹತ್ತಿರದ ಮರದಡಿಯಲ್ಲಿ ಬಾಂಡ್ ಬರೆಯುವವನೊಬ್ಬನ ಮಾತು ನಂಬಿ ಸಹಿ ಹಾಕಿ, ಕೊನೆಗೆ ಸ್ವಂತ ಮನೆಯನ್ನು ಜಪ್ತಿಯಿಂದ ಬಿಡಿಸಿಕೊಳ್ಳಲು ನನ್ನ ಬಳಿ ಬಂದಿದ್ದರು. ಆ ಹೊತ್ತಿಗೆ ನನಗೆ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ.

ಇನ್ನು ಅವಧಿಯ ಮಾತು. ಕೈಸಾಲಕ್ಕೆ ದಾವೆ ಹಾಕಲು 1963ರ ಕಾಲಮಿತಿ ಕಾಯ್ದೆಯಲ್ಲಿ ಮೂರು ವರ್ಷ. ಆದರೆ ಕೋವಿಡ್ ಕಾರಣದಿಂದ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಸುಪ್ರೀಂ ಕೋರ್ಟ್ ಈ ಎಣಿಕೆಯಿಂದ ಹೊರಗಿಟ್ಟಿರುವುದರಿಂದ, ನಿಮ್ಮ ತಂದೆಯ ಸಾಲದ ಗಡುವು 2022ಕ್ಕೆ ಮುಗಿಯದೆ 2024ರ ನಡುವಿನವರೆಗೆ ಎಳೆಯುತ್ತದೆ. ತಂದೆ ಪ್ರತಿ ಸುಗ್ಗಿಗೂ ಅದೇ ಅಂಗಡಿಗೆ ಮೆಕ್ಕೆಜೋಳ ಹಾಕಿ, ಮುಂಗಡ ಪಡೆದು, ಲೆಕ್ಕವನ್ನು ಮುಂದುವರಿಸಿಕೊಂಡು ಬಂದಿದ್ದರೆ ಎಣಿಕೆಯೇ ಬೇರೆಯಾದೀತು. ಹಾಗಾಗಿ ತಂದೆಯ ಹೆಸರಿನ ಖಾತೆಯ ನಕಲು ಕೇಳಿ. ಕಿರ್ದಿಯ ಒಂದು ಪುಟ ಸಾಲದು. ಕ್ರಮವಾಗಿ ಬರೆದಿಟ್ಟ ಲೆಕ್ಕದ ಪುಸ್ತಕ ಸಾಕ್ಷ್ಯವಾಗುವುದು ನಿಜ, ಆದರೆ ಅದೊಂದರ ಮೇಲೆಯೇ ಯಾರ ತಲೆಗೂ ಸಾಲ ಕಟ್ಟುವಂತಿಲ್ಲ. ಬಡ್ಡಿ ಹೇಗೆ ಬೆಳೆಯಿತೆಂದೂ ಬರೆಸಿಕೊಳ್ಳಿ.

ಅವಧಿ ಮೀರಿತೆಂದರೆ ಸಾಲ ಸತ್ತಿತು ಎಂದು ತಿಳಿಯುವವರೂ ಇದ್ದಾರೆ. ಹೋಗುವುದು ದಾವೆಯ ಹಕ್ಕು ಮಾತ್ರ, ಸಾಲ ಸಾಲವಾಗಿಯೇ ಇರುತ್ತದೆ. ಅವಧಿ ಮೀರಿದ್ದು ಗೊತ್ತಿಲ್ಲದೆ ಕೊಟ್ಟ ಹಣವನ್ನು ವಾಪಸು ಕೇಳಲು ಬರುವುದಿಲ್ಲ. ಸಾಲಗಾರ ಮತ್ತೆ ಕೊಡುತ್ತೇನೆಂದು ಬರೆದು ಸಹಿ ಮಾಡಿದರೆ, ಕರಾರು ಕಾಯ್ದೆಯ 25ನೇ ಕಲಮಿನ ಪ್ರಕಾರ ಅದು ಹೊಸ ಕರಾರಾಗಿ ಎದ್ದು ನಿಲ್ಲುತ್ತದೆ. ಸಹಿಗಾಗಿ ಅವರು ಇಷ್ಟು ಅವಸರ ಮಾಡುತ್ತಿರುವುದು ಏಕೆಂದು ಈಗ ತಿಳಿದಿರಬೇಕು.

ನೀವು ಕೇಳದೆ ಬಿಟ್ಟ ಪ್ರಶ್ನೆಯೊಂದು ಪತ್ರದಲ್ಲಿದೆ: ಕಾನೂನು ಬಿಟ್ಟರೂ ಮನಸ್ಸು ಬಿಡದಿದ್ದರೆ? ಉಂಡ ಮನೆಯ ಋಣ, ನೆರವಾದವರ ಹಂಗು, ಎದುರಿಗೆ ಕೂತವರ ದಾಕ್ಷಿಣ್ಯ ಎಂದು ನಮ್ಮಲ್ಲಿ ಮಾತುಗಳೇ ಬೇರೆ ಬೇರೆ ಇವೆ, ಮತ್ತು ಅಮೀನ ಬಾಗಿಲಿಗೆ ಬರುವುದು ಇವು ಯಾವುದಕ್ಕೂ ಅಲ್ಲ, ಬಾಧ್ಯತೆಗೆ ಮಾತ್ರ. ಮಳೆ ಕೈಕೊಟ್ಟ ವರ್ಷ ಆ ಅಂಗಡಿಯವರು ಕೇಳಿದ ಕೂಡಲೇ ಹಣ ಕೊಟ್ಟಿದ್ದರೆ, ಅಸಲು ಕೊಟ್ಟುಬಿಡಬೇಕೆಂದು ನಿಮಗೆ ಅನ್ನಿಸಿದರೆ, ಅದು ತಪ್ಪೆಂದು ನಾನು ಹೇಳುವುದಿಲ್ಲ. ಅಂಥ ಸಾಲವನ್ನು ಕಾನೂನಿನ ಸಂದಿಯಲ್ಲಿ ತಪ್ಪಿಸಿಕೊಳ್ಳುವುದು ವೈಯಕ್ತಿಕವಾಗಿ ನನಗೆ ಹಿಡಿಸದು. ಆದರೆ ಋಣ ತೀರಿಸಲು ಸಹಿ ಬೇಕಿಲ್ಲ. ಫಸಲು ಬಂದಾಗ ಬ್ಯಾಂಕಿನ ಮೂಲಕ ಹಣ ಕೊಡಿ, ‘ತಂದೆಯ ಖಾತೆಗೆ ಜಮಾ’ ಎಂದು ಬರೆದ ರಸೀದಿ ಪಡೆಯಿರಿ, ನಿಮ್ಮ ಕೈಯಿಂದ ಏನನ್ನೂ ಬರೆದುಕೊಡಬೇಡಿ. ಪಿತೃಋಣದ ದೋಷಕ್ಕೆ ಹೋಮ ಮಾಡಿಸಬೇಕು ಎಂದು ಇನ್ನೂ ಇಪ್ಪತ್ತು ಸಾವಿರ ಕೇಳುವ ಜ್ಯೋತಿಷಿ ಸಿಕ್ಕರೆ, ಆ ಇಪ್ಪತ್ತು ಸಾವಿರವನ್ನೂ ದಲ್ಲಾಳಿ ಅಂಗಡಿಗೇ ಜಮಾ ಮಾಡಿ.

ಪ್ರಶ್ನೆ: ಅವರ ಮಗಳ ಮದುವೆಗೆ ನಾವು 5,000 ಮುಯ್ಯಿ ಮಾಡಿದ್ದೆವು, ನಮ್ಮ ಮಗನ ಮದುವೆಗೆ ಅವರು 501 ಮಾಡಿದ್ದಾರೆ. ನೋಟಿಸ್ ಕೊಡಬಹುದೇ?

ಉತ್ತರ: ಇಲ್ಲ.

ಪ್ರಶ್ನೆ: ಷಡ್ಡಕನ ಸಾಲಕ್ಕೆ ಬರೀ ಜಾಮೀನು ಸಹಿ ಹಾಕಿದ್ದೆ. ಬ್ಯಾಂಕಿನವರು ನನ್ನನ್ನೇ ಹಿಡಿದಿದ್ದಾರೆ.

ಉತ್ತರ: ಜಾಮೀನಿನಲ್ಲಿ ‘ಬರೀ’ ಎಂಬುದಿಲ್ಲ, ನಿಮ್ಮ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು, ಕಟ್ಟಿ, ಆಮೇಲೆ ಷಡ್ಡಕನಿಂದ ವಸೂಲು ಮಾಡಿಕೊಳ್ಳಿ. ನಾನು ಸ್ವಂತ ತಮ್ಮನಿಗೂ ಜಾಮೀನು ನಿಂತಿಲ್ಲ. ಅವನು ಎರಡು ವರ್ಷ ಮಾತು ಬಿಟ್ಟಿದ್ದ.

ಪ್ರಶ್ನೆ: ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟೆ. ಈಗ ಊಟಕ್ಕೂ ಕೇಳುವವರಿಲ್ಲ.

ಉತ್ತರ: ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲಿದೆಯೇ ನೋಡಿ, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳಿಗೆ ಇವತ್ತೇ ಅರ್ಜಿ ಕೊಡಿ, ಷರತ್ತು ಇರಲಿ ಇಲ್ಲದಿರಲಿ, ಜೀವನಾಂಶವನ್ನಂತೂ ಕೇಳಬಹುದು.

ಪ್ರಶ್ನೆ: ಚಿತ್ರದುರ್ಗದ ಹತ್ತಿರದ ನಮ್ಮ ಊರಿನ ಗುಡಿಗೆ ಒಂದು ಲಕ್ಷ ಕೊಡುವುದಾಗಿ ಜಾತ್ರೆಯಲ್ಲಿ ಮೈಕಿನಲ್ಲಿ ಹೇಳಿಸಿದವರು ಈಗ ಕೊಡುತ್ತಿಲ್ಲ. ಸಮಿತಿಯವರು ದಾವೆ ಹಾಕಬಹುದೇ?

ಉತ್ತರ: ಹೌರಾದ ಪುರಭವನಕ್ಕೆ 100 ರೂಪಾಯಿ ಚಂದಾ ಬರೆಸಿ ಕೊಡದವನ ಮೇಲಿನ ದಾವೆಯಲ್ಲಿ ಕಲ್ಕತ್ತಾ ಹೈಕೋರ್ಟ್ 1886ರಲ್ಲಿ ಕೊಡಲೇಬೇಕೆಂದಿತು, ಏಕೆಂದರೆ ಆ ಚಂದಾಗಳನ್ನು ನಂಬಿ ಗುತ್ತಿಗೆದಾರನಿಗೆ ಕೆಲಸ ವಹಿಸಲಾಗಿತ್ತು. ಮಸೀದಿಯ ದುರಸ್ತಿಗೆ 500 ರೂಪಾಯಿ ಮಾತು ಕೊಟ್ಟವನ ವಿಷಯದಲ್ಲಿ ಅಲಹಾಬಾದ್ ಹೈಕೋರ್ಟ್ 1914ರಲ್ಲಿ ಬೇಕಿಲ್ಲವೆಂದಿತು, ಏಕೆಂದರೆ ಅಲ್ಲಿ ಕೆಲಸವೇ ಶುರುವಾಗಿರಲಿಲ್ಲ. ಆ ಲಕ್ಷವನ್ನು ನಂಬಿ ತರಿಸಿದ ಸಿಮೆಂಟು, ಕಬ್ಬಿಣದ ಬಿಲ್ಲುಗಳಿದ್ದರೆ ತನ್ನಿ. ಮೈಕಿನ ಘೋಷಣೆ ಮಾತ್ರ ಇದ್ದರೆ ಬಸ್ಸಿನ ಖರ್ಚು ಉಳಿಸಿಕೊಳ್ಳಿ.