ಕಿಕ್‌ಗೆ ದಾರಿ ಬಿಟ್ಟು ಬೇಸ್ ಸೊರಗಿದಾಗ

ಪ್ರಶ್ನೆ: ನಿಮಿಷಕ್ಕೆ 128 ಬಡಿತಗಳ ಹೌಸ್ (ನೃತ್ಯಸಂಗೀತದ ಒಂದು ಶೈಲಿ) ಟ್ರ್ಯಾಕ್ ಒಂದನ್ನು ಸಿದ್ಧಪಡಿಸುತ್ತಿದ್ದೇನೆ. ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) ಮತ್ತು ಬೇಸ್ (ತಗ್ಗು ಸ್ವರಗಳ ಭಾಗ) ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತಿದ್ದುದರಿಂದ ಬೇಸ್‌ಗೆ ಕಂಪ್ರೆಸರ್ (ಧ್ವನಿಯ ಮಟ್ಟ ತಗ್ಗಿಸುವ ಸಾಧನ) ಹಾಕಿ, ಕಿಕ್ ಬಂದಾಗಲೆಲ್ಲ ಬೇಸ್ ತಗ್ಗುವಂತೆ ಅದರ ಸೈಡ್‌ಚೈನ್‌ಗೆ, ಅಂದರೆ ನಿಯಂತ್ರಣದ ಇನ್‌ಪುಟ್‌ಗೆ, ಕಿಕ್ಕನ್ನು ಕೊಟ್ಟೆ. ಈಗ ಕಿಕ್ ಸ್ಪಷ್ಟವಾಗಿದೆ, ಆದರೆ ಬೇಸ್ ಸೊರಗಿದೆ. ಪ್ರತಿ ಬಡಿತಕ್ಕೂ 'ಚಟ್' ಎಂಬ ಸಣ್ಣ ಸದ್ದೂ ಬರುತ್ತಿದೆ. ಏನು ಮಾಡಲಿ?

ಉತ್ತರ: ನಿಮ್ಮ ಜೋಡಣೆ ಸರಿಯಾಗಿದೆ. ಬೇಸ್ ಸೊರಗಿದ್ದಕ್ಕೆ ಕಾರಣವನ್ನು ಮೊದಲು ರಿಲೀಸ್‌ನಲ್ಲಿ, ಅಂದರೆ ತಗ್ಗಿದ ಮಟ್ಟ ಮರಳಲು ಹಿಡಿಯುವ ಸಮಯದಲ್ಲಿ, ಹುಡುಕಿ. ಈ ವೇಗದಲ್ಲಿ ಒಂದು ಕಿಕ್‌ನಿಂದ ಇನ್ನೊಂದಕ್ಕೆ ಸುಮಾರು 469 ಮಿಲಿಸೆಕೆಂಡ್ ಅಂತರವಿರುತ್ತದೆ. ಕಿಕ್‌ನ ಬಾಲವೇ 200 ಮಿಲಿಸೆಕೆಂಡ್ ಎಳೆದು, ಅದರ ಮೇಲೆ ರಿಲೀಸ್ 300ರಷ್ಟಿದ್ದರೆ, ಬೇಸ್ ತನ್ನ ಪೂರ್ಣ ಮಟ್ಟಕ್ಕೆ ಮರಳುವ ಮೊದಲೇ ಮುಂದಿನ ಕಿಕ್ ಬಂದು ಅದನ್ನು ಮತ್ತೆ ತಗ್ಗಿಸುತ್ತದೆ. ರಿಲೀಸ್ ಅನ್ನು 100ರ ಆಸುಪಾಸಿಗೆ ಇಳಿಸಿ, ಅಲ್ಲಿಂದ ಕಿವಿಗೊಟ್ಟು ಹೊಂದಿಸಿಕೊಳ್ಳಿ. ಬೇಸ್‌ನ ನಡಿಗೆಯನ್ನು ರೂಪಿಸುವುದು ಅದು ಎಷ್ಟು ತಗ್ಗಿತು ಎಂಬುದಕ್ಕಿಂತ ಹೇಗೆ ಮೇಲೆದ್ದಿತು ಎಂಬುದೇ. ಕಿಕ್‌ನ ಬಾಲವನ್ನು ಸ್ವಲ್ಪ ಮೊಟಕುಗೊಳಿಸಿದರೆ ಅರ್ಧ ಸಮಸ್ಯೆ ಅಲ್ಲಿಯೇ ತೀರುವುದೂ ಉಂಟು, ಆದರೆ ಆ ಸರಳ ಕೆಲಸವನ್ನು ಹೆಚ್ಚಿನವರು ಕೊನೆಗೆ ಮಾಡುತ್ತಾರೆ.

'ಚಟ್' ಸದ್ದಿಗೆ ಕಾರಣ ಬಹುಶಃ ಅತಿ ವೇಗದ ಅಟ್ಯಾಕ್, ಅಂದರೆ ಮಟ್ಟ ತಗ್ಗಲು ಹಿಡಿಯುವ ಸಮಯ ತೀರಾ ಕಡಿಮೆ ಇರುವುದು. 50 ಹರ್ಟ್ಸ್ ಸ್ವರದ ಒಂದು ಅಲೆ ಪೂರ್ಣಗೊಳ್ಳಲು 20 ಮಿಲಿಸೆಕೆಂಡ್ ಬೇಕು. ಅಲೆಯ ನಡುವೆಯೇ ಮಟ್ಟವನ್ನು ಥಟ್ಟನೆ ಕುಸಿಸಿದರೆ ಆ ಮುರಿತ ಕೇಳಿಸುತ್ತದೆ. ಅಟ್ಯಾಕ್ ಅನ್ನು 2ರಿಂದ 5 ಮಿಲಿಸೆಕೆಂಡ್‌ವರೆಗೆ ಹೆಚ್ಚಿಸಿ. ಅದರಿಂದ ಕಿಕ್‌ನ ಮೊದಲ ಪೆಟ್ಟು ಮಂಕಾದಂತೆ ಅನ್ನಿಸಿದರೆ, ಕಂಪ್ರೆಸರ್‌ನಲ್ಲಿ ಲುಕ್‌ಅಹೆಡ್ (ಕಿಕ್ ಬರುವುದನ್ನು ತುಸು ಮುಂಚೆಯೇ ಗ್ರಹಿಸುವ) ಸೌಲಭ್ಯವಿದ್ದಲ್ಲಿ ಅದನ್ನು ಬಳಸಿ.

ಸ್ಪಷ್ಟತೆಯಷ್ಟೇ ಗುರಿಯಾಗಿದ್ದರೆ 3ರಿಂದ 6 ಡೆಸಿಬಲ್ ತಗ್ಗಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಧ್ವನಿಯನ್ನು ಕಂಪನಾಂಕದಂತೆ ಭಾಗಗಳಾಗಿ ವಿಭಜಿಸುವ ಮಲ್ಟಿಬ್ಯಾಂಡ್ ಸಾಧನದಿಂದ ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ಭಾಗವನ್ನು ಮಾತ್ರ ತಗ್ಗಿಸಿ, ಮೇಲಿನ ಹಾರ್ಮೋನಿಕ್‌ಗಳನ್ನು (ಮೂಲ ಸ್ವರದ ಜೊತೆ ಮೂಡುವ ಎತ್ತರದ ಸ್ವರಗಳನ್ನು) ಹಾಗೆಯೇ ಬಿಟ್ಟರೆ, ಸಣ್ಣ ಸ್ಪೀಕರ್‌ಗಳಲ್ಲಿಯೂ ಬೇಸ್ ಕಡಿಯದೆ ಹರಿಯುತ್ತದೆ. ಬೇಸ್ ಉಸಿರಾಡುವಂತೆ ಏರಿಳಿಯುವ ಪಂಪಿಂಗ್ ಬೇಕಿದ್ದರೆ ಈ ವಿಭಜನೆ ಬೇಡ. ಇಡೀ ಧ್ವನಿಯನ್ನು 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚು ಧೈರ್ಯವಾಗಿ ತಗ್ಗಿಸಿ.

ಪ್ರಶ್ನೆ: ಕಿಕ್ ನಿಲ್ಲುವ ಬ್ರೇಕ್‌ಡೌನ್ ಭಾಗದಲ್ಲಿ ಪಂಪಿಂಗ್ ಕೂಡ ನಿಂತುಬಿಡುತ್ತದೆ. ಅದನ್ನು ಉಳಿಸಿಕೊಳ್ಳಬಹುದೇ?

ಉತ್ತರ: ಉಳಿಸಿಕೊಳ್ಳಬಹುದು. ಬೇರೊಂದು ಟ್ರ್ಯಾಕಿನಲ್ಲಿ ಚಿಕ್ಕ ಕಿಕ್ ಸ್ಯಾಂಪಲ್ ಒಂದನ್ನು ಹಾಡಿನುದ್ದಕ್ಕೂ ನುಡಿಸಿ, ಅದನ್ನು ಮುಖ್ಯ ಔಟ್‌ಪುಟ್‌ಗೆ ಕಳುಹಿಸದೆ ಸೈಡ್‌ಚೈನ್‌ಗೆ ಮಾತ್ರ ಕೊಡಿ. ಇದನ್ನು ಗೋಸ್ಟ್ ಕಿಕ್ ಎನ್ನುತ್ತಾರೆ. ಕೇಳಿಸುವ ಕಿಕ್ಕನ್ನು ನೀವು ಬದಲಿಸಿದರೂ ಬೇಸ್‌ನ ಚಲನೆ ಕದಲುವುದಿಲ್ಲ.