ಮದುವೆ ಛತ್ರದಲ್ಲಾದರೂ ಕೆಲಸವೆಲ್ಲ ಮನೆಯಲ್ಲೇ: ಓದುಗರ ಪ್ರಶ್ನೆಗಳಿಗೆ ಉತ್ತರ

ಯುಗಾದಿ ಕಳೆದು ಬಸವ ಜಯಂತಿ ಹತ್ತಿರವಾದಂತೆ ದಾವಣಗೆರೆ, ಚಿತ್ರದುರ್ಗದ ಕಡೆ ಮದುವೆಗಳ ಸಾಲು ಶುರುವಾಗುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಗಳ ಮದುವೆ ಇಟ್ಟುಕೊಂಡ ಮನೆಗಳಿಂದ ಬಂದವು. ಛತ್ರ ಹಿಡಿದಾಗಿದೆ, ಅಡುಗೆಯವರಿಗೆ ಮುಂಗಡ ಕೊಟ್ಟಾಗಿದೆ. ಉಳಿದಿರುವುದು ಮನೆಯೊಳಗಿನ ಚಿಂತೆ.

ಪ್ರಶ್ನೆ: ಬೀಗರಿಗೆ ಕೊಡಲು ಕರ್ಜಿಕಾಯಿ, ಚಕ್ಕುಲಿ, ಶೇಂಗಾ ಉಂಡೆ ಮನೆಯಲ್ಲೇ ಮಾಡಬೇಕೆಂದಿದ್ದೇವೆ. ದೊಡ್ಡ ಮಗಳ ಮದುವೆಯಲ್ಲಿ ಕರ್ಜಿಕಾಯಿ ಎಣ್ಣೆಯಲ್ಲೇ ಬಾಯಿಬಿಟ್ಟವು, ಉಳಿದವು ವಾರದೊಳಗೆ ಮೆತ್ತಗಾದವು. ಯಾವುದನ್ನು ಎಷ್ಟು ದಿನ ಮೊದಲು ಮಾಡಿಟ್ಟುಕೊಳ್ಳಬಹುದು?
— ಗೃಹಿಣಿ, ನಿಟ್ಟುವಳ್ಳಿ, ದಾವಣಗೆರೆ

ಬಾಯಿಬಿಡುವುದಕ್ಕೆ ಒಂದು ಕಾರಣ, ಮೆತ್ತಗಾಗುವುದಕ್ಕೆ ಇನ್ನೊಂದು.

ಮುಕ್ಕಾಲು ಕೆ.ಜಿ. ಮೈದಾ, ಕಾಲು ಕೆ.ಜಿ. ಚಿರೋಟಿ ರವೆಗೆ 100 ಗ್ರಾಂ ಬಿಸಿ ತುಪ್ಪ, ಚಿಟಿಕೆ ಉಪ್ಪು ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ರವೆ ನೀರು ಕುಡಿಯದಿದ್ದರೆ ಲಟ್ಟಿಸುವಾಗಲೇ ಅಂಚು ಹರಿಯುತ್ತದೆ. ಹೂರಣಕ್ಕೆ ತುರಿದ ಒಣಕೊಬ್ಬರಿ 300 ಗ್ರಾಂ, ಪುಟಾಣಿ ಹಿಟ್ಟು 300 ಗ್ರಾಂ, ಸಕ್ಕರೆ ಪುಡಿ 500 ಗ್ರಾಂ, ಹುರಿದ ಗಸಗಸೆ 50 ಗ್ರಾಂ, ಏಲಕ್ಕಿ. ಸಣ್ಣ ನಿಂಬೆಹಣ್ಣಿನ ಗಾತ್ರದ ಉಂಡೆ ಹಿಡಿದರೆ ಇಷ್ಟಕ್ಕೆ 70ರ ಆಸುಪಾಸು ಕರ್ಜಿಕಾಯಿ ಆಗುತ್ತವೆ.

ಒಂದಕ್ಕೆ ಒಂದು ದೊಡ್ಡ ಚಮಚ ಹೂರಣ ಸಾಕು. ತುಂಬಿ ತುಳುಕುವಷ್ಟು ಹಾಕಿದರೆ ಅಂಚಿನಲ್ಲಿ ಕೊಬ್ಬರಿಯ ಎಳೆ ಸಿಕ್ಕಿಕೊಳ್ಳುತ್ತದೆ. ಎಳೆ ಸಿಕ್ಕಿದ ಜಾಗದಲ್ಲಿ ಕಣಕ ಕೂಡುವುದಿಲ್ಲ, ಎಣ್ಣೆಗೆ ಬಿದ್ದೊಡನೆ ಅಲ್ಲಿಂದಲೇ ಬಿಚ್ಚುತ್ತದೆ. ಮಡಚುವಾಗ ಒಳಗಿನ ಗಾಳಿಯನ್ನೂ ಬೆರಳಿನಿಂದ ಒತ್ತಿ ಹೊರಗೆ ಬಿಡಿ. ಉಳಿದ ಗಾಳಿ ಬಿಸಿಗೆ ಹಿಗ್ಗಿ ಅಂಚನ್ನು ತಳ್ಳುತ್ತದೆ. ಒಂದು ಬಾಯಿಬಿಟ್ಟರೂ ಬಾಣಲೆ ಇಳಿಸಿ ಎಣ್ಣೆ ಸೋಸಿಕೊಳ್ಳಿ. ಇಲ್ಲದಿದ್ದರೆ ಸೀದ ಸಕ್ಕರೆ ಮುಂದೆ ಬಿಟ್ಟವಕ್ಕೆಲ್ಲ ಕಪ್ಪು ಚುಕ್ಕೆಯಾಗಿ ಅಂಟುತ್ತದೆ, ಕಹಿಯೂ ಬರುತ್ತದೆ.

ಮೆತ್ತಗಾದದ್ದು ಬಹುಶಃ ಬೆಲ್ಲದಿಂದ. ಬೆಲ್ಲ ಗಾಳಿಯ ತೇವವನ್ನು ಎಳೆದುಕೊಂಡು ಸಿಪ್ಪೆಗೆ ಕೊಡುತ್ತದೆ. ಹತ್ತು ದಿನ ಇಡುವುದಾದರೆ ಸಕ್ಕರೆಯೇ ಸರಿ. ಬೆಲ್ಲದ ರುಚಿಯೇ ಬೇಕೆಂದರೆ ಮದುವೆಗೆ ನಾಲ್ಕು ದಿನ ಇರುವಾಗ ಮಾಡಿ. ಬಿಸಿ ಇರುವಾಗಲೇ ಡಬ್ಬಿ ಮುಚ್ಚುವುದು ಇನ್ನೊಂದು ತಪ್ಪು. ಮುಚ್ಚಳದ ಒಳಗೆ ನೀರ ಹನಿ ಕಟ್ಟಿ ಕೆಳಗಿಳಿಯುತ್ತದೆ. ಕಾಗದದ ಮೇಲೆ ಹರಡಿ, ನಾಲ್ಕೈದು ಗಂಟೆ ಆರಿದ ಮೇಲೆ ತುಂಬಿ.

ಚಕ್ಕುಲಿಗೆ 4 ಪಾವು ಅಕ್ಕಿಗೆ 1 ಪಾವು ಉದ್ದಿನಬೇಳೆ, ಘಮ ಬರುವಂತೆ ಹುರಿದು ಬೀಸಿದ್ದು. ಒಂದು ಕೆ.ಜಿ. ಹಿಟ್ಟಿಗೆ ಬೆಣ್ಣೆ 80ರಿಂದ 100 ಗ್ರಾಂ. ಬೆಣ್ಣೆಗೆ ಹೆಸರಾದ ಊರಿನಲ್ಲಿ ಕೈ ಸ್ವಲ್ಪ ಧಾರಾಳವಾಗುವುದು ಸಹಜ, ಆದರೆ ಇಲ್ಲಿ ಹಿಡಿತ ಬೇಕು. ಹೆಚ್ಚಾದರೆ ಚಕ್ಕುಲಿ ಎಣ್ಣೆಯಲ್ಲಿ ಪುಡಿಯಾಗುತ್ತದೆ, ಕಡಿಮೆಯಾದರೆ ಹಲ್ಲಿಗೆ ಕಲ್ಲು. ಮೊದಲು ಒಂದೇ ಒಂದು ಬಿಟ್ಟು ನೋಡಿ. ಪುಡಿಯಾದರೆ ಒಂದು ಹಿಡಿ ಒಣ ಹಿಟ್ಟು ಸೇರಿಸಿ, ಗಟ್ಟಿಯಾದರೆ ಒಂದು ಚಮಚ ಬಿಸಿ ಎಣ್ಣೆ.

ಶೇಂಗಾ ಉಂಡೆ ಕೆಡುವುದು ಅರೆಬರೆ ಹುರಿದ ಕಾಳಿನಿಂದ. ಸಣ್ಣ ಉರಿಯಲ್ಲಿ, ಸಿಪ್ಪೆ ತಾನಾಗಿ ಬಿಡುವವರೆಗೆ ಹುರಿದು, ಮುದುಡಿದ, ಬೂಸಲು ಹಿಡಿದ ಕಾಳನ್ನು ಕೈಯಲ್ಲೇ ಆರಿಸಿ ತೆಗೆಯಿರಿ. 1 ಕೆ.ಜಿ. ಶೇಂಗಾಕ್ಕೆ ಮುಕ್ಕಾಲು ಕೆ.ಜಿ. ಬೆಲ್ಲ. ಪಾಕದ ಹನಿ ತಣ್ಣೀರಿನಲ್ಲಿ ಉಂಡೆಯಾದರೆ ಸಾಕು.

ದಿನದ ಲೆಕ್ಕ ಹೀಗಿರಲಿ: ಚಕ್ಕುಲಿ, ಶೇಂಗಾ ಉಂಡೆ ಹದಿನೈದು ದಿನ ಮೊದಲು, ಸಕ್ಕರೆಯ ಕರ್ಜಿಕಾಯಿ ಹತ್ತು ದಿನ, ಬುಂದಿ ಲಾಡು ಐದು ದಿನ. ಹಸಿ ಕಾಯಿ ಹಾಕಿದ ರವೆ ಉಂಡೆ ಎರಡೇ ದಿನ ಮೊದಲು. ಒಣಕೊಬ್ಬರಿ ತಂದ ದಿನವೇ ಒಂದು ಗಿಟುಕು ಒಡೆದು ಮೂಸಿ ನೋಡಿ. ಕಮಟು ಇದ್ದರೆ ಏಲಕ್ಕಿ ಎಷ್ಟು ಹಾಕಿದರೂ ಮುಚ್ಚುವುದಿಲ್ಲ, ಅಂಗಡಿಗೆ ವಾಪಸು ಕೊಡಿ.

ಪ್ರಶ್ನೆ: ಮದುವೆಗೆ ಎರಡು ದಿನ ಮೊದಲೇ ಊರ ಕಡೆಯಿಂದ ನಲವತ್ತು ಮಂದಿ ಮನೆಗೆ ಬರುತ್ತಾರೆ. ಎರಡು ಬಚ್ಚಲು, ಸಾವಿರ ಲೀಟರಿನ ಒಂದು ಟ್ಯಾಂಕು. ಬೆಳಗಿನ ತಿಂಡಿಯೂ ಮನೆಯಲ್ಲೇ. ಹೇಗೆ ನಿಭಾಯಿಸುವುದು?
— ಮದುಮಗಳ ತಂದೆ, ವಿನೋಬನಗರ, ದಾವಣಗೆರೆ

ಮೊದಲು ನೀರು. ಸ್ನಾನ, ಶೌಚ, ಪಾತ್ರೆ ಸೇರಿ ತಲೆಗೆ 60 ಲೀಟರ್ ಹಿಡಿದರೂ ದಿನಕ್ಕೆ 2,400 ಲೀಟರ್ ಬೇಕು. ನಿಮ್ಮ ಟ್ಯಾಂಕು ಬೆಳಗಿನ ಏಳು ಗಂಟೆಗೇ ಖಾಲಿಯಾಗುತ್ತದೆ. ನಲ್ಲಿ ನೀರು ಬರುವ ದಿನವನ್ನು ನಂಬಿ ಕೂರಬೇಡಿ. ನೆಂಟರು ಬರುವ ಹಿಂದಿನ ಮಧ್ಯಾಹ್ನ ಟ್ಯಾಂಕರ್ ತರಿಸಿ ಸಂಪು ತುಂಬಿಸಿಕೊಳ್ಳಿ, ಸಂಪನ್ನು ಅದಕ್ಕೂ ವಾರ ಮೊದಲು ತೊಳೆಸಿರಿ. ತಳದ ರಾಡಿ ಕದಡಿದ್ದಾಗ ಟ್ಯಾಂಕರ್ ನೀರು ಬಿಟ್ಟರೆ ಅಷ್ಟೂ ನೀರು ಕೆಂಪಾಗುತ್ತದೆ. ಹಿತ್ತಲಿನಲ್ಲಿ 200 ಲೀಟರಿನ ಎರಡು ಡ್ರಮ್ಮು, ಒಂದು ಹಂಡೆ ಒಲೆ ಹೂಡಿದರೆ ಗಂಡಸರ ಸ್ನಾನ ಹೊರಗೇ ಮುಗಿಯುತ್ತದೆ, ಒಳಗಿನ ಬಚ್ಚಲು ಹೆಂಗಸರಿಗೆ, ವಯಸ್ಸಾದವರಿಗೆ ಉಳಿಯುತ್ತದೆ. ಹೀಗೆ ಮಾಡಿದರೆ ಗೀಸರಿನ ಹೊರೆಯೂ ತಪ್ಪುತ್ತದೆ. ಗೀಸರ್, ಗ್ರೈಂಡರ್, ಚಪ್ಪರದ ಸರಣಿ ದೀಪ ಒಟ್ಟಿಗೆ ಹಾಕಿದರೆ ಫ್ಯೂಸು ಹೋಗುವುದು ಸರಿಯಾಗಿ ಅರಿಶಿನ ಶಾಸ್ತ್ರದ ಹೊತ್ತಿಗೇ. ಚಪ್ಪರಕ್ಕೆ ದೊಡ್ಡ ದೀಪಗಳಿದ್ದರೆ ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಿರಿ. ಕಂಬದ ತಂತಿಗೆ ಕೊಕ್ಕೆ ಹಾಕಲು ಯಾರಿಗೂ ಬಿಡಬೇಡಿ, ಮಕ್ಕಳು ಓಡಾಡುವ ಚಪ್ಪರ ಅದು.

ತಿಂಡಿಗೆ ಮಂಡಕ್ಕಿ ಇರುವಾಗ ಯೋಚನೆ ಏಕೆ? ನಲವತ್ತು ಜನಕ್ಕೆ ಎರಡೂವರೆ ಕೆ.ಜಿ. ಮಂಡಕ್ಕಿ, 2 ಕೆ.ಜಿ. ಈರುಳ್ಳಿ, 1 ಕೆ.ಜಿ. ಟೊಮೆಟೊ, ಅರ್ಧ ಕೆ.ಜಿ. ಪುಟಾಣಿ ಹಿಟ್ಟು, ಅರ್ಧ ಲೀಟರಿಗಿಂತ ತುಸು ಹೆಚ್ಚು ಎಣ್ಣೆ, ಹಸಿಮೆಣಸಿನಕಾಯಿ, ಕರಿಬೇವು, ನಿಂಬೆಹಣ್ಣು. ಒಗ್ಗರಣೆಯನ್ನು ಅಗಲ ಬೋಗುಣಿಯಲ್ಲಿ ಒಮ್ಮೆಲೇ ಮಾಡಿಟ್ಟುಕೊಳ್ಳಿ. ಮಂಡಕ್ಕಿಯನ್ನು ಮಾತ್ರ ಹತ್ತು ಹತ್ತು ಜನಕ್ಕೆ ಆಗುವಷ್ಟೇ ನೀರಿಗೆ ಅದ್ದಿ, ಆ ಕ್ಷಣವೇ ಹಿಂಡಿ ಒಗ್ಗರಣೆಗೆ ಹಾಕಿ. ಎಲ್ಲವನ್ನೂ ಒಟ್ಟಿಗೆ ನೆನೆಸಿದರೆ ಕೊನೆಯ ಪಂಕ್ತಿಗೆ ಬರುವಷ್ಟರಲ್ಲಿ ಮುದ್ದೆಯಾಗಿರುತ್ತದೆ. ಪುಟಾಣಿ ಹಿಟ್ಟು ಕೊನೆಗೆ, ಒಲೆ ಆರಿಸಿದ ಮೇಲೆ.

ಹಾಸಿಗೆಗೆ ಜಮಖಾನ, ದಿಂಬು ಬಾಡಿಗೆಗೆ ತರುವವರು ಒಂದು ದಿನ ಮೊದಲೇ ತಂದು ಬಿಸಿಲಿಗೆ ಹಾಕಿ, ತಿಗಣೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಒಂದು ಕೋಣೆಗೆ ಬೀಗ ಇರಲಿ. ಒಡವೆ, ಹಣ, ಮದುಮಗಳ ಬಟ್ಟೆ ಅಲ್ಲಿ. ಬೀಗದ ಕೈ ಮನೆಯ ಯಜಮಾನಿ ಬಳಿ ಬೇಡ, ಅವರನ್ನು ಎಲ್ಲರೂ ಎಲ್ಲದಕ್ಕೂ ಕರೆಯುತ್ತಿರುತ್ತಾರೆ. ಸೋದರತ್ತೆಗೋ ಚಿಕ್ಕಮ್ಮನಿಗೋ ಒಪ್ಪಿಸಿ.

ಪ್ರಶ್ನೆ: ಅಜ್ಜಿಯ ಬೋರಮಾಳ ಸರ ಕೊಟ್ಟು ಮೊಮ್ಮಗಳಿಗೆ ಹೊಸ ಸರ ಮಾಡಿಸಬೇಕು. ಒಂದು ಅಂಗಡಿಯಲ್ಲಿ ತೂಗಿದಾಗ 40 ಗ್ರಾಂ ಇದ್ದದ್ದನ್ನು 31 ಗ್ರಾಂ ಎಂದು ಲೆಕ್ಕ ಹಾಕಿದರು. ಇದು ಮೋಸವೇ?
— ಓದುಗರು, ಹೊಳಲ್ಕೆರೆ

ಮೋಸವೇ ಆಗಿರಬೇಕೆಂದಿಲ್ಲ. ಬೋರಮಾಳದ ಗುಂಡುಗಳ ಒಳಗೆ ಸಾಮಾನ್ಯವಾಗಿ ಅರಗು ತುಂಬಿರುತ್ತಾರೆ. 40 ಗ್ರಾಂನಲ್ಲಿ ಅರಗು, ದಾರ 6 ಗ್ರಾಂ ಹೋದರೆ ಬಂಗಾರ 34 ಗ್ರಾಂ. ಹಳೆಯ ಬಂಗಾರ 20 ಕ್ಯಾರೆಟ್ ಇದ್ದರೆ 34ನ್ನು 20ರಿಂದ ಗುಣಿಸಿ 22ರಿಂದ ಭಾಗಿಸಿ: 22 ಕ್ಯಾರೆಟ್ ಲೆಕ್ಕದಲ್ಲಿ 30.9 ಗ್ರಾಂ. ನಿಮಗೆ ಹೇಳಿದ್ದು ಈ ಲೆಕ್ಕವೇ ಇರಬಹುದು. ಆದರೆ ಅದನ್ನು ಬಾಯಲ್ಲಿ ಹೇಳಿದರೆ ಸಾಲದು. ಕರಗಿಸುವ ಮೊದಲಿನ ತೂಕ, ಕರಗಿಸಿದ ಮೇಲಿನ ತೂಕ, ಯಂತ್ರದಲ್ಲಿ ಬಂದ ಕ್ಯಾರೆಟ್, ಈ ಮೂರನ್ನೂ ಕಣ್ಣೆದುರೇ ಮಾಡಿಸಿ ಚೀಟಿಯಲ್ಲಿ ಬರೆಸಿಕೊಳ್ಳಿ.

ಹೊಸ ಒಡವೆಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, 22ಕೆ916 ಎಂಬ ಶುದ್ಧತೆಯ ಗುರುತು, ಆ ಒಡವೆಗಷ್ಟೇ ಸೇರಿದ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯಾದ ಎಚ್‌ಯುಐಡಿ ಇರಬೇಕು. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಕಡ್ಡಾಯವಾಗಿದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಆರು ಅಕ್ಷರ ಹಾಕಿದರೆ ಒಡವೆಯ ವಿವರ ಬರುತ್ತದೆ. ಅಂಗಡಿಯಲ್ಲೇ ನಿಂತು ನೋಡಿ, ಮನೆಗೆ ಬಂದ ಮೇಲಲ್ಲ. ಒಂದು ಮಾತು ಕೇಳದಿದ್ದರೂ ಹೇಳುತ್ತೇವೆ: ಅಜ್ಜಿಗೆ ಆ ಸರ ಕರಗಿಸಲು ಮನಸ್ಸಿದೆಯೇ ಎಂದು ವಿಚಾರಿಸಿ. ಗುಂಡು ತಗ್ಗು ಬಿದ್ದಿಲ್ಲದಿದ್ದರೆ ಹೊಸ ದಾರದಲ್ಲಿ ಪೋಣಿಸಿ, ಮೆರುಗು ಕೊಡಿಸಿ ಹಾಗೆಯೇ ಹಾಕಬಹುದು. ಈಗ ಅಂಥ ಕೈಕೆಲಸ ಸಿಗುವುದು ಕಷ್ಟ.

ತವರಿನಿಂದ ಹೋಗುವ ಒಡವೆ, ಪಾತ್ರೆ, ಉಡುಗೊರೆಗಳ ಪಟ್ಟಿ ಬರೆದಿಡಿ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯ್ದೆಯಂತೆ ಅಪರಾಧ. ಮನಸಾರೆ ಕೊಟ್ಟ ಉಡುಗೊರೆಗೂ 1985ರ ನಿಯಮದಂತೆ ಪಟ್ಟಿ ಬೇಕು: ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ, ಕೆಳಗೆ ವಧೂವರರ ಸಹಿ. ಬೀಗರ ಮುಂದೆ ಇದನ್ನು ತೆಗೆಯಲು ಸಂಕೋಚಪಡುವವರೇ ಹೆಚ್ಚು. ನಿಶ್ಚಿತಾರ್ಥದ ದಿನವೇ ಮಾತಾಡಿಬಿಟ್ಟರೆ ಸಂಕೋಚ ಉಳಿಯುವುದಿಲ್ಲ.

ಪ್ರಶ್ನೆ: ಮಗನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಐದನೇ ದಿನಕ್ಕೆ ಮಗಳ ಮದುವೆ. ಮನೆ ಗದ್ದಲದಲ್ಲಿ ಅವನ ಓದು ಹಾಳಾಗುತ್ತಿದೆ. ನನಗೂ ಬಿಪಿ ಇದೆ.
— ತಾಯಿ, ಹರಿಹರ

ನೆಂಟರಿಗೆ ಫೋನು ಮಾಡಿ, ಕೊನೆಯ ಪೇಪರು ಆಗುವವರೆಗೆ ರಾತ್ರಿ ಉಳಿಯಲು ಬರಬೇಡಿ ಎಂದು ನೇರವಾಗಿ ಹೇಳಿ. ಹುಡುಗನ ಪರೀಕ್ಷೆ ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕರಿಯುವ, ಹುರಿಯುವ ಕೆಲಸ ಅವನು ಪರೀಕ್ಷೆಗೆ ಹೋದ ಹೊತ್ತಿನಲ್ಲಿ. ಜವಳಿ ತೋರಿಸುವುದು, ಲಗ್ನಪತ್ರಿಕೆಯ ಅಂಚಿಗೆ ಅರಿಶಿನ ಹಚ್ಚುವುದು ಸಂಜೆ ಏಳಕ್ಕೆ ಮುಗಿಯಲಿ. ಪಕ್ಕದ ಮನೆಯಲ್ಲಿ ಒಂದು ಕೋಣೆ ಕೇಳಿ ಪುಸ್ತಕ, ಟೇಬಲ್ ಫ್ಯಾನು ಅಲ್ಲಿಗೇ ಸಾಗಿಸಿಬಿಟ್ಟರೆ ಇನ್ನೂ ಒಳ್ಳೆಯದು. "ಸ್ವಲ್ಪ ಅಂಗಡಿಗೆ ಹೋಗಿ ಬಾರೋ" ಎಂಬ ಮಾತನ್ನು ಮನೆಯವರೆಲ್ಲ ಆ ಮೂರು ವಾರ ಮರೆಯಬೇಕು. ಓದು ಕೆಡುವುದು ಸದ್ದಿಗಿಂತ ಹೆಚ್ಚಾಗಿ ಈ ಹತ್ತು ನಿಮಿಷದ ಕೆಲಸಗಳಿಂದ.

ನಿಮ್ಮ ಮಾತ್ರೆ ಮರೆತುಹೋಗುವುದು ಉಪವಾಸದ ದಿನ, ಪ್ರಯಾಣದ ದಿನ. ಒಂದು ಪಟ್ಟಿ ಮಾತ್ರೆ ಮನೆಯಲ್ಲಿ, ಒಂದು ಕೈಚೀಲದಲ್ಲಿ ಇರಲಿ, ಛತ್ರದಲ್ಲಿ ನೆನಪಿಸುವ ಕೆಲಸವನ್ನು ಆ ಮಗನಿಗೇ ವಹಿಸಿ. ಧಾರೆಯ ದಿನ ಉಪವಾಸ ಇರಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ಅರಿಶಿನ ಶಾಸ್ತ್ರದ ನಂತರ ಅಕ್ಕನ ಮುಖಕ್ಕೆ ದದ್ದು ಎದ್ದಿತ್ತು. ನನಗೂ ಭಯ.
— ಮದುಮಗಳು, ಚಿತ್ರದುರ್ಗ

ಪುಡಿ ಅರಿಶಿನ ಕೊಳ್ಳಬೇಡಿ, ಬಣ್ಣ ಬೆರೆತಿರಬಹುದು. ಕೊಂಬು ತಂದು ಮನೆಯಲ್ಲೇ ತೇಯಿಸಿ, ಹಾಲಿನ ಕೆನೆ, ಕಡಲೆಹಿಟ್ಟು ಬೆರೆಸಿ. ಎರಡು ದಿನ ಮೊದಲು ಮೊಣಕೈ ಒಳಗೆ ಹಚ್ಚಿ ನೋಡಿ. ಬ್ಲೀಚು, ಫೇಶಿಯಲ್ ಮಾಡಿಸಿದ ಚರ್ಮ ಉರಿ ತಡೆಯುವುದಿಲ್ಲ, ಅವನ್ನು ವಾರ ಮೊದಲೇ ಮುಗಿಸಿ. ಓಕುಳಿಗೆ ಕಲಸಿದ ಸುಣ್ಣದ ನೀರು ಅರಿಶಿನದ ಬಟ್ಟಲ ಹತ್ತಿರವೂ ಬರಬಾರದು. ಬಟ್ಟೆಯ ಕಲೆಗೆ ಸೋಪು ತಿಕ್ಕಿದರೆ ಕೆಂಪಾಗುತ್ತದೆ, ಹೆದರಬೇಡಿ. ಚೆನ್ನಾಗಿ ಜಾಲಿಸಿ ಎರಡು ದಿನ ಬಿಸಿಲಿಗೆ ಹಾಕಿದರೆ ತಿಳಿಯಾಗುತ್ತಾ ಹೋಗುತ್ತದೆ.

ಪ್ರಶ್ನೆ: ಮೊಳಕಾಲ್ಮೂರು ರೇಷ್ಮೆ ಸೀರೆ ತಂದಿದ್ದೇವೆ. ರವಿಕೆ ಯಾವಾಗ ಹೊಲಿಸಬೇಕು? ಸೀರೆ ಕಾಪಾಡುವುದು ಹೇಗೆ?
— ಓದುಗರು, ಚಳ್ಳಕೆರೆ

ನಮ್ಮ ಜಿಲ್ಲೆಯ ನೇಕಾರರ ಸೀರೆ ಆರಿಸಿದ್ದಕ್ಕೆ ಸಂತೋಷ. 2011ರಲ್ಲೇ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ರವಿಕೆ ಬಟ್ಟೆಯನ್ನು ಒಂದು ತಿಂಗಳು ಮೊದಲು ಕೊಡಿ, ಎರಡೂ ಬದಿಗೆ ಒಂದೊಂದು ಇಂಚು ಒಳಗೆ ಬಿಡಿಸಿ. ಮದುವೆ ಹತ್ತಿರವಾದಂತೆ ಓಡಾಟದಿಂದ ಹುಡುಗಿಯರು ತೆಳ್ಳಗಾಗುತ್ತಾರೆ, ಹಾಗಾಗಿ ಅಳತೆ ಮತ್ತೆ ನೋಡುವುದು ಹತ್ತು ದಿನ ಇರುವಾಗ. ಫಾಲ್, ಕುಚ್ಚು ಹಾಕಿಸುವ ಮೊದಲು ಸೆರಗಿನ ಒಳಮೂಲೆಗೆ ಒದ್ದೆಯ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುವುದೇ ನೋಡಿ. ಬಿಟ್ಟರೆ ತಿಳಿ ಬಣ್ಣದ ಲಂಗ ಬೇಡ. ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಜರಿ ಕಪ್ಪಾಗುತ್ತದೆ. ಸೆಂಟನ್ನು ಸೀರೆ ಉಡುವ ಮೊದಲೇ ಹಾಕಿಕೊಳ್ಳಬೇಕು, ಜರಿಯ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ.

ಪ್ರಶ್ನೆ: ಮದುವೆ ನೋಂದಣಿಗೆ ಈಗಲೇ ಏನೇನು ತೆಗೆದಿಡಬೇಕು?
— ಓದುಗರು, ಜಗಳೂರು

ಇಬ್ಬರ ವಯಸ್ಸಿನ ದಾಖಲೆ, ಆಧಾರ್, ಲಗ್ನಪತ್ರಿಕೆಯ ಎರಡು ಪ್ರತಿ, ಧಾರೆಯ ಹೊತ್ತಿನಲ್ಲಿ ಇಬ್ಬರ ಮುಖವೂ ಕಾಣುವ ಒಂದು ಫೋಟೊ, ಪಾಸ್‌ಪೋರ್ಟ್ ಅಳತೆಯ ಫೋಟೊಗಳು, ಗುರುತಿನ ಚೀಟಿ ಇರುವ ಸಾಕ್ಷಿಗಳು. ಫೋಟೊದವರಿಗೆ ಮೊದಲೇ ಹೇಳಿಡಿ, ಅಕ್ಕಿಕಾಳಿನ ಮಳೆಯಲ್ಲಿ ಬಾಸಿಂಗ ಕಟ್ಟಿದ ಮುಖ ಮುಚ್ಚಿಹೋದ ಚಿತ್ರಗಳೇ ಹೆಚ್ಚಾಗಿ ಬರುತ್ತವೆ. ಎಲ್ಲಕ್ಕಿಂತ ಮೊದಲು, ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಹೆಸರು, ಇನಿಷಿಯಲ್ ಆಧಾರ್‌ನಲ್ಲಿ ಇರುವಂತೆಯೇ ಇವೆಯೇ ನೋಡಿ. ಮನೆಯಲ್ಲಿ ಕರೆಯುವ ಹೆಸರನ್ನೇ ಅಚ್ಚು ಹಾಕಿಸಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ತಕರಾರು ಬರಬಹುದು. ಅಂಥವರು ಆಧಾರ್ ಹೆಸರನ್ನು ದೊಡ್ಡದಾಗಿ ಹಾಕಿಸಿ, ಮನೆ ಹೆಸರನ್ನು ಅದರ ಪಕ್ಕ ಸಣ್ಣಕ್ಷರದಲ್ಲಿ ಸೇರಿಸಲಿ.